ಬಾಜಿಯ ಸಲಹೆ ಮತ್ತು ನಂಬಿಕೆಯ ನುಡಿ: ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರವನ್ನು ಕುರಿತು

ಮಹಾಭಾರತದ ವನಪರ್ವದ ನಳೋಪಾಖ್ಯಾನವನ್ನು ಕನ್ನಡದ ಓದುಗರು ಹೆಚ್ಚಾಗಿ ಕನಕದಾಸರ ನಳಚರಿತ್ರೆಯ ಮೂಲಕ ಬಲ್ಲರು. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಕಂಡ ತಾರೆಯ ಮರವೊಂದರ ಎಲೆ ಮತ್ತು ಕಾಯಿಗಳ ಸಂಖ್ಯೆಯನ್ನು ಋತುಪರ್ಣನು ರಥದಲ್ಲಿ ಕುಳಿತಂತೆಯೇ ಹೇಳುತ್ತಾನೆ. ವ್ಯಾಸಭಾರತದ ನಳನು ಅದನ್ನು ಕೇಳಿ ಬೆರಗಾಗಿ ಸುಮ್ಮನಾಗುವುದಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾದ ಮೇಲೆಯೇ ತನ್ನ ಅಶ್ವವಿದ್ಯೆಯನ್ನು ಕೊಡುವುದಾಗಿ ಹೇಳಿ ಅಕ್ಷಹೃದಯವೆಂಬ ದಾಳದ ರಹಸ್ಯವಿದ್ಯೆಯನ್ನು ಪಡೆಯುತ್ತಾನೆ. ಜೂಜಿನ ಸಲಹೆಯೊಂದು ಬೆಲೆಗೆ ಕೈ ಬದಲಿಸಿದ ಹಳೆಯ ಕಥನಗಳಲ್ಲಿ ಇದು ಒಂದು. ಕೊಳ್ಳುವವನಿಗೆ ಇಲ್ಲಿ ಮರವನ್ನು ಕಡಿದು ಎಣಿಸುವ ಅವಕಾಶವಿತ್ತು ಎಂಬುದು ಗಮನಿಸಬೇಕಾದ ಅಂಶ.

ಇಂದು ಕ್ರಿಕೆಟ್ ಬಾಜಿಯ ಸುತ್ತ ಬೆಳೆದಿರುವ ‘ಟಿಪ್ಸ್’ ವ್ಯವಹಾರದಲ್ಲಿ ಆ ಅವಕಾಶ ಇಲ್ಲ. ಯಾವ ತಂಡ ಗೆಲ್ಲುತ್ತದೆ, ಟಾಸ್ ಯಾರದು, ಮೊದಲ ಆರು ಓವರುಗಳಲ್ಲಿ ಎಷ್ಟು ಓಟ ಬರುತ್ತದೆ ಎಂದು ಮೊದಲೇ ತಿಳಿಸುವುದಾಗಿ ಹೇಳಿ ಹಣ ಪಡೆಯುವ ಸಲಹೆಗಾರರು ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳ ಮೂಲಕ ಹಳ್ಳಿಹಳ್ಳಿಗೂ ತಲುಪಿದ್ದಾರೆ. ಇವರ ಸಲಹೆ ನಿಜವಾಗುತ್ತದೆಯೇ ಎಂಬ ಪ್ರಶ್ನೆ ಗಣಿತಕ್ಕೆ ಸೇರಿದ್ದು. ನಿಜವಾಗದೆಯೂ ಅದು ಹೇಗೆ ನಂಬಿಕೆಯನ್ನು ಗಳಿಸುತ್ತದೆ ಎಂಬುದು ಭಾಷೆ ಮತ್ತು ಸಂಸ್ಕೃತಿಯ ಅಧ್ಯಯನಕ್ಕೂ ಸೇರಿದ ಪ್ರಶ್ನೆ. ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ಆಡುನುಡಿ ಮತ್ತು ಹಣದ ಚಲನೆಯ ಹಿನ್ನೆಲೆಯಲ್ಲಿ ಈ ಎರಡನೆಯ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ

ವಿಶ್ವೇಶ್ವರಯ್ಯ ನಾಲೆಯ ನೀರು ಈ ಮೂರೂ ತಾಲ್ಲೂಕುಗಳನ್ನು ಕಬ್ಬು ಮತ್ತು ಭತ್ತದ ಸೀಮೆಯಾಗಿಸಿದೆ. 1933ರಲ್ಲಿ ಮಂಡ್ಯದ ಮೈಷುಗರ್ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಇಲ್ಲಿನ ರೈತನ ಕೈಗೆ ಹಣ ಬರುವ ರೀತಿಯೇ ಬದಲಾಯಿತು. ದಿನಗೂಲಿಯಂತೆ ಚಿಲ್ಲರೆಯಾಗಿ ಬರದೆ, ಕಬ್ಬು ಕಡಿದು ಸಾಗಿಸಿದ ಮೇಲೆ ಅದು ಒಟ್ಟಿಗೆ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶವು ಕಬ್ಬು ತಲುಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು ವಿಧಿಸಿದ್ದರೂ ಬಾಕಿ ಉಳಿಯುವುದು ಕಬ್ಬು ಬೆಳೆಗಾರರ ಹಳೆಯ ದೂರು. ತಡವಾಗಿ ಬರುವ ಇಡಿಗಂಟು ಬಹುಮಟ್ಟಿಗೆ ಸಾಲಕ್ಕೆ ಸಲ್ಲುತ್ತದೆ. ಆಲೆಮನೆಯ ಬೆಲ್ಲದ ಹಣವೂ ರೇಷ್ಮೆಗೂಡಿನ ಹಣವೂ ದೊರೆಯುವುದು ಇದೇ ಬಗೆಯಲ್ಲಿ. ಸಾಲ ತೀರಿಸಲು ಸಾಲದಷ್ಟು, ಆದರೆ ಕೈಯಲ್ಲಿದ್ದಾಗ ದೊಡ್ಡದಾಗಿ ಕಾಣುವಷ್ಟು ಹಣ ಇರುವ ಆ ಕೆಲವು ದಿನಗಳೇ ಬಾಜಿಯ ಸಲಹೆಗಾರನಿಗೆ ಸುಗ್ಗಿ.

ಬಾಜಿಯೇನೂ ಇಲ್ಲಿಗೆ ಹೊಸದಲ್ಲ. ಯುಗಾದಿಯಂದು ಇಸ್ಪೀಟು ಮತ್ತು ನಾಣ್ಯದ ಆಟವನ್ನು ಹಬ್ಬದ ಭಾಗವೆಂದೇ ತಿಳಿಯುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ಉಳಿದಿದೆ. 2008ರಲ್ಲಿ ಆರಂಭವಾದ ಐಪಿಎಲ್ ಪಂದ್ಯಾವಳಿ ಸಾಮಾನ್ಯವಾಗಿ ಯುಗಾದಿಯ ಆಸುಪಾಸಿನಲ್ಲೇ ಮೊದಲಾಗುವುದು ಕಾಕತಾಳೀಯವಾದರೂ, ಹಬ್ಬದ ಒಂದು ದಿನದ ಸಡಿಲಿಕೆ ಎರಡು ತಿಂಗಳಿಗೆ ಹಿಗ್ಗಿತು ಎನ್ನುವುದಕ್ಕೆ ಅಡ್ಡಿಯಿಲ್ಲ. ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ, ಎರಡು ಕುದುರೆ ಪಂದ್ಯದ ಮೈದಾನಗಳ ನಡುವೆ ಇವೆ. ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಪತ್ರಿಕೆಗಳು ದಿನದ ಕುದುರೆಗಳ ಆಯ್ಕೆಯನ್ನು ಬಹಿರಂಗವಾಗಿಯೇ ಅಚ್ಚು ಹಾಕುತ್ತ ಬಂದಿವೆ. ‘ಟಿಪ್ಸ್’ ಎಂಬ ಮಾತು ಕನ್ನಡಕ್ಕೆ ಬಂದುದು ಕ್ರಿಕೆಟ್ಟಿಗಿಂತ ಮೊದಲು, ಈ ದಾರಿಯಿಂದಲೇ ಇರಬೇಕು.

ಇನ್ನೊಂದು ದಾರಿ ಮಟ್ಕಾ. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯಿಂದ ಮುಂಬಯಿಗೆ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವುದರಿಂದ ಹುಟ್ಟಿದ ಈ ಆಟ, 1960ರ ದಶಕದ ಆರಂಭದಲ್ಲಿ ಆ ದರಗಳು ನಿಂತ ಮೇಲೆ ಇಸ್ಪೀಟು ಎಲೆಗಳಿಂದ ತೆಗೆದ ಅಂಕಿಗಳ ಆಟವಾಯಿತು. ಓಪನ್–ಕ್ಲೋಸ್ ಎಂಬುದು ಕನ್ನಡದಲ್ಲಿ ‘ಓಸಿ’ಯಾಗಿ ನಿಂತಿತು. ಹತ್ತು ಅಂಕಿಗಳಲ್ಲಿ ಒಂದು ಬಂದರೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು ಕೊಡುವ ಈ ಆಟದಲ್ಲಿ ನೂರಕ್ಕೆ ಹತ್ತು ರೂಪಾಯಿ ನಡೆಸುವವನ ಪಾಲಿಗೆ ಉಳಿಯುತ್ತದೆ. ಹಳೆಯ ಅಂಕಿಗಳ ‘ಚಾರ್ಟ್’ ನೋಡಿ ನಾಳೆಯ ಅಂಕಿ ಹೇಳುವ ‘ಗೆಸ್ಸಿಂಗ್’ ಕಸುಬು ಇದರೊಂದಿಗೇ ಬೆಳೆಯಿತು. ಕರ್ನಾಟಕದಲ್ಲಿ 2007ರ ಏಪ್ರಿಲ್‌ನಿಂದ ನಿಷೇಧಗೊಂಡ ಲಾಟರಿಯ ಕಾಲದಲ್ಲಿ, ಅದರಲ್ಲೂ ಒಂದಂಕಿ ಲಾಟರಿಯ ಸುತ್ತ, ಇದೇ ರೀತಿಯ ಊಹೆಗಾರರಿದ್ದರು. ಕ್ರಿಕೆಟ್ ಸಲಹೆಗಾರನು ಹೊಸ ಅವತಾರವಷ್ಟೆ.

ಲೆಕ್ಕದ ಮರೆ

ಸಲಹೆಗಾರನು ನಂಬಿಕೆ ಗಳಿಸುವ ಒಂದು ವಿಧಾನವನ್ನು ಮಾತ್ರ ಇಲ್ಲಿ ವಿವರವಾಗಿ ನೋಡಬಹುದು, ಏಕೆಂದರೆ ಉಳಿದವು ಬಹುಪಾಲು ಇದರ ರೂಪಾಂತರಗಳು. 1,600 ಮಂದಿಯ ಮೊಬೈಲ್ ಸಂಖ್ಯೆಗಳು ಒಬ್ಬನಲ್ಲಿವೆ ಎಂದುಕೊಳ್ಳೋಣ. ಮೊದಲ ಪಂದ್ಯಕ್ಕೆ 800 ಮಂದಿಗೆ ಒಂದು ತಂಡ ಗೆಲ್ಲುವುದೆಂದೂ ಉಳಿದ 800 ಮಂದಿಗೆ ಎದುರಾಳಿ ಗೆಲ್ಲುವುದೆಂದೂ ಬಿಟ್ಟಿಯಾಗಿ ತಿಳಿಸುತ್ತಾನೆ. ಸುಳ್ಳಾದ ಸಲಹೆ ಪಡೆದ 800 ಮಂದಿಯನ್ನು ಬಿಟ್ಟು, ನಿಜವಾದವರನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. 800 ಇದ್ದದ್ದು 400, 200, 100 ಆಗಿ, ಐದನೆಯ ಪಂದ್ಯದ ಕೊನೆಗೆ 50 ಆಗುತ್ತದೆ. ಈ 50 ಮಂದಿಯ ಪಾಲಿಗೆ ಆತ ಐದಕ್ಕೆ ಐದನ್ನೂ ಸರಿಯಾಗಿ ಹೇಳಿದವನು. ಆರನೆಯ ಸಲಹೆಗೆ ಹಣ ಕೇಳಿದಾಗ ಅವರು ಕೊಡಲು ಹಿಂಜರಿಯುವುದಿಲ್ಲ. ಕ್ರಿಕೆಟ್ಟಿನ ಒಂದಕ್ಷರವೂ ತಿಳಿಯದವನು ಇದನ್ನು ಮಾಡಬಲ್ಲ. ಕುದುರೆ ಪಂದ್ಯವನ್ನು ಬಳಸಿ ಇದೇ ತಂತ್ರವನ್ನು ಬ್ರಿಟನ್ನಿನ ಡೆರನ್ ಬ್ರೌನ್ 2008ರಲ್ಲಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಬಯಲು ಮಾಡಿ ತೋರಿಸಿದ್ದರು. ಅಂಚೆಯ ಕಾಲದಲ್ಲಿ ಪ್ರತಿ ಕಾಗದಕ್ಕೂ ಖರ್ಚಿತ್ತು. ಮೊಬೈಲ್ ಬಂದ ಮೇಲೆ ಆ ಖರ್ಚೂ ಇಲ್ಲವಾಯಿತು.

ಇಲ್ಲಿ ಐವತ್ತು ಮಂದಿಯಲ್ಲಿ ಯಾರೂ ಮೂಢರಲ್ಲ. ಅವರು ಕಣ್ಣಾರೆ ಕಂಡದ್ದನ್ನೇ ನಂಬಿದ್ದಾರೆ. ಕಾಣದೆ ಉಳಿದದ್ದು 1,550 ಮಂದಿಯ ಅನುಭವ. ಸಲಹೆಗಾರನ ಬಂಡವಾಳವಿರುವುದು ಈ ಕಾಣದಿರುವಿಕೆಯಲ್ಲಿ. ಸುಳ್ಳಾದ ಸಂದೇಶವನ್ನು ಗುಂಪಿನಿಂದ ಅಳಿಸಿಹಾಕುವುದು, ಗೆದ್ದ ಚೀಟಿಗಳ ಚಿತ್ರಗಳನ್ನು ಮಾತ್ರ ಹಂಚುವುದು, ಎರಡು ಗುಂಪುಗಳಿಗೆ ಎರಡು ಸಲಹೆ ಕಳುಹಿಸಿ ಗೆದ್ದ ಗುಂಪನ್ನು ಜಾಹೀರಾತಾಗಿ ತೋರಿಸುವುದು, ಇವೆಲ್ಲವೂ ಗ್ರಾಹಕನ ನೆನಪನ್ನು ಸಲಹೆಗಾರನೇ ನಿರ್ವಹಿಸುವ ಉಪಾಯಗಳು.

ಮೋಸದ ಉದ್ದೇಶವೇ ಇಲ್ಲದಿದ್ದರೂ ಪರೀಕ್ಷೆ ಸುಲಭವಲ್ಲ. 2022ರಿಂದ 2025ರವರೆಗಿನ ಐಪಿಎಲ್ ಋತುಗಳಲ್ಲಿ ತಲಾ 74 ಪಂದ್ಯಗಳು ನಿಗದಿಯಾಗಿದ್ದವು. ಒಬ್ಬ ಸಲಹೆಗಾರ ಇಡೀ ಋತುವಿನಲ್ಲಿ 41 ಪಂದ್ಯಗಳನ್ನು ಸರಿಯಾಗಿ ಹೇಳಿದರೆ ನೂರಕ್ಕೆ 55ರಷ್ಟು ಸರಿ ಎಂದಾಗುತ್ತದೆ. ನಾಣ್ಯವೊಂದನ್ನು 74 ಸಲ ಚಿಮ್ಮಿದರೂ ಸರಿಸುಮಾರು ಐದು ಸಲಕ್ಕೆ ಒಮ್ಮೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಸರಿಯುತ್ತರ ಬಂದೇ ಬರುತ್ತದೆ. ಎಂದರೆ ಒಂದು ಋತುವಿನ ಅನುಭವದಿಂದ ಜಾಣನನ್ನೂ ನಾಣ್ಯವನ್ನೂ ಬೇರ್ಪಡಿಸಲಾಗದು.

ಇನ್ನು ದರದ ವಿಚಾರ. ಎರಡೂ ಕಡೆಗೆ ನೂರು ರೂಪಾಯಿಗೆ 190 ಕೊಡುವ ದರದಲ್ಲಿ, ಎರಡೂ ಕಡೆ ನೂರು ನೂರು ಬಂದರೆ ಬುಕ್ಕಿ 200 ಪಡೆದು 190 ಕೊಡುತ್ತಾನೆ. ಆ ದರದಲ್ಲಿ ಅಸಲು ಉಳಿಯಬೇಕಾದರೂ ನೂರಕ್ಕೆ ಸುಮಾರು 53 ಸಲ ಗೆಲ್ಲಬೇಕು. ಪಂದ್ಯಕ್ಕೆ 1,000 ರೂಪಾಯಿಯಂತೆ ಹತ್ತು ಪಂದ್ಯಕ್ಕೆ ಕಟ್ಟಿ ಆರನ್ನು ಗೆದ್ದವನಿಗೆ 5,400 ಲಾಭ, ನಾಲ್ಕರ ನಷ್ಟ 4,000; ಉಳಿಕೆ 1,400. ಸಲಹೆಗೆ 2,000 ಕೊಟ್ಟಿದ್ದರೆ, ಹತ್ತರಲ್ಲಿ ಆರನ್ನು ಗೆದ್ದೂ ಆತ 600 ರೂಪಾಯಿ ಸೋತಿದ್ದಾನೆ. ಆದರೆ ಆತನ ನೆನಪಿನಲ್ಲಿ ಉಳಿಯುವುದು ಆರು ಗೆಲುವು.

ಸಲಹೆಗಾರನ ಸಂಪಾದನೆ ಗ್ರಾಹಕ ಕೊಡುವ ಶುಲ್ಕಕ್ಕೆ ಸೀಮಿತವೂ ಅಲ್ಲ. ಜಗತ್ತಿನ ಬಾಜಿ ಉದ್ಯಮದಲ್ಲಿ ಬಹುಕಾಲದಿಂದ ಇರುವ ಪದ್ಧತಿಯೊಂದರಲ್ಲಿ, ಗ್ರಾಹಕರನ್ನು ಕರೆತಂದವನಿಗೆ ಆ ಗ್ರಾಹಕರು ಸೋತ ಹಣದಲ್ಲಿ ಒಂದು ಪಾಲು ಸಲ್ಲುತ್ತದೆ. ಸಲಹೆಯ ಜೊತೆಯಲ್ಲೇ ಯಾವ ಆ್ಯಪಿನಲ್ಲಿ ಖಾತೆ ತೆರೆಯಬೇಕೆಂದು ಕೊಂಡಿಯನ್ನು ಕಳುಹಿಸುವವನು ಈ ಏರ್ಪಾಟಿನಲ್ಲಿ ಇದ್ದರೆ, ಗ್ರಾಹಕನ ಗೆಲುವು ಆತನಿಗೆ ನಷ್ಟ. ಸಲಹೆ ಬಿಟ್ಟಿಯಾಗಿ ದೊರೆಯುವುದಕ್ಕೆ ಔದಾರ್ಯವಲ್ಲದ ಕಾರಣವೂ ಇರಬಹುದೆಂಬುದು ಇದರಿಂದ ತಿಳಿಯುತ್ತದೆ.

ನಂಬಿಕೆಯ ವ್ಯಾಕರಣ

ಲೆಕ್ಕದ ಮರೆ ಜಗತ್ತಿನ ಎಲ್ಲೆಡೆಯೂ ಒಂದೇ. ಅದನ್ನು ಮನೆಯ ಮಾತಾಗಿಸುವುದು ಆಯಾ ಭಾಷೆ. ಮಂಡ್ಯ ಸೀಮೆಯ ಆಡುಮಾತಿನ ಕೆಲವು ಸಾಮಾನ್ಯ ಲಕ್ಷಣಗಳು ಈ ವ್ಯವಹಾರಕ್ಕೆ ಹೇಗೆ ಒದಗಿಬರುತ್ತವೆ ಎಂಬುದನ್ನು ನೋಡಬೇಕು.

ಮೊದಲನೆಯದು ‘ಅಂತೆ’. “ಇವತ್ತು ಬೆಂಗಳೂರೇ ಗೆಲ್ತದೆ” ಎಂಬುದು ಹೇಳಿದವನ ಸ್ವಂತ ಊಹೆ; ಸುಳ್ಳಾದರೆ ಹೊಣೆ ಅವನದು. “ಇವತ್ತು ಬೆಂಗಳೂರೇ ಗೆಲ್ತದಂತೆ” ಎಂದಾಗ ಎರಡು ಕೆಲಸ ಒಮ್ಮೆಗೇ ಆಗುತ್ತವೆ. ಹೇಳುವವನ ಹಿಂದೆ ಇನ್ನಾರೋ ಬಲ್ಲವರು ಇದ್ದಾರೆಂಬ ಭಾವನೆ ಮೂಡುತ್ತದೆ. ಮಾತು ಸುಳ್ಳಾದರೆ ಹೊಣೆ ಆ ಕಾಣದ ಬಲ್ಲವರಿಗೆ ಹೋಗುತ್ತದೆ. ಕೇಳಿ ತಿಳಿದದ್ದನ್ನು ಕಂಡು ತಿಳಿದದ್ದರಿಂದ ಬೇರ್ಪಡಿಸುವ ಪ್ರಾಮಾಣಿಕತೆಗಾಗಿ ಭಾಷೆಯಲ್ಲಿರುವ ಪ್ರತ್ಯಯವೊಂದು, ಅಧಿಕಾರವನ್ನು ಎರವಲು ಪಡೆಯುವ ಸಾಧನವಾಗುತ್ತದೆ. ‘ಒಳಗಿನ ಸುದ್ದಿ’ ಎಂಬ ಸಲಹೆಗಾರರ ಪ್ರಿಯವಾದ ಮಾತು ಈ ‘ಅಂತೆ’ಯ ವಿಸ್ತರಣೆಯೇ.

ಒಳಗಿನ ಸುದ್ದಿಗೆ ಬೆಂಬಲವಾಗಿ ನಿಲ್ಲುವುದು ನಿಜವಾಗಿ ನಡೆದ ಹಗರಣಗಳು. 2000ದಲ್ಲಿ ದೆಹಲಿ ಪೊಲೀಸರು ಹೊರಗೆಡವಿದ ಹ್ಯಾನ್ಸಿ ಕ್ರೋನಿಯೆ ಪ್ರಕರಣ, 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್, ಅದರ ಮುಂದುವರಿಕೆಯಾಗಿ 2015ರಲ್ಲಿ ಎರಡು ತಂಡಗಳ ಅಮಾನತು, 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿಗೆ ಸಂಬಂಧಿಸಿ ಬೆಂಗಳೂರಿನಲ್ಲಿ ನಡೆದ ಬಂಧನಗಳು: ಇವುಗಳಿಂದ ಆಟದ ಮೇಲಿನ ನಂಬಿಕೆ ಕುಗ್ಗಿದಷ್ಟೂ, ಫಲಿತಾಂಶ ಯಾರಿಗೋ ಮೊದಲೇ ಗೊತ್ತಿರುತ್ತದೆಂಬ ನಂಬಿಕೆ ಹೆಚ್ಚಿತು. ನಿಶ್ಚಯವಾದ ಫಲಿತಾಂಶ ತಿಳಿದವನು ಅದನ್ನು ಐನೂರು ರೂಪಾಯಿಗೆ ನೂರಾರು ಜನರಿಗೆ ಮಾರಿದರೆ, ಎಲ್ಲರೂ ಒಂದೇ ಕಡೆ ಕಟ್ಟಿ ದರವೇ ಇಳಿದುಹೋಗುತ್ತದೆ. ಮಾರುವುದೇ ಅದು ನಿಜವಲ್ಲವೆಂಬುದಕ್ಕೆ ಸಾಕ್ಷಿ. ಈ ಸರಳ ತರ್ಕ ಹಗರಣದ ನೆನಪಿನೆದುರು ಕೆಲಸ ಮಾಡುವುದಿಲ್ಲ.

ಎರಡನೆಯದು ಕ್ರಿಯಾಪದಗಳ ಆಯ್ಕೆ. ಇಸ್ಪೀಟನ್ನು ‘ಆಡುತ್ತಾರೆ’, ಓಸಿಯನ್ನು ‘ಬರೆಸುತ್ತಾರೆ’, ಕ್ರಿಕೆಟ್ಟಿಗೆ ‘ಕಟ್ಟುತ್ತಾರೆ’. ಸಂಘದ ಕಂತು, ಮಕ್ಕಳ ಫೀಸು, ಕರೆಂಟು ಬಿಲ್ಲು ಎಲ್ಲಕ್ಕೂ ಈ ‘ಕಟ್ಟು’ ಧಾತುವೇ ಬರುತ್ತದೆ. ಆಟವೆಂಬ ಅರ್ಥ ಹಿಂದೆ ಸರಿದು, ಕಟ್ಟಬೇಕಾದುದನ್ನು ಕಟ್ಟಿದ ಗೃಹಸ್ಥನ ಭಾವ ಮುಂದೆ ಬರುತ್ತದೆ. ಸೋಲಿನ ವಾಕ್ಯಗಳಲ್ಲಿ ಕರ್ತೃವೇ ಇರುವುದಿಲ್ಲ. “ಮ್ಯಾಚ್ ತಿರುಗಿತು”, “ದುಡ್ಡು ಹೋಯ್ತು”. ಹಣ ತಾನೇ ಎದ್ದು ನಡೆದಂತೆ! ಗೆಲುವಿನಲ್ಲಿ ಮಾತ್ರ “ನಾವು ಹೇಳಿದ್ದೆವಲ್ಲ” ಎಂಬ ಉತ್ತಮಪುರುಷ ಕಾಣಿಸಿಕೊಳ್ಳುತ್ತದೆ. ಕೇಳುಗನನ್ನು ಒಳಗೊಂಡ ‘ನಾವು’ ಮತ್ತು ಬಿಟ್ಟ ‘ನಾವು’ ಎಂಬ ಭೇದ ತಮಿಳಿನಲ್ಲಿ ಇದೆ. ಇಂದಿನ ಕನ್ನಡದಲ್ಲಿ ಇಲ್ಲ. ಹೀಗಾಗಿ ಸಲಹೆಗಾರನ ‘ನಾವು’ವಿನೊಳಗೆ ಗ್ರಾಹಕನೂ ತಿಳಿಯದೆಯೇ ಸೇರಿಹೋಗುತ್ತಾನೆ.

ಸಂಬೋಧನೆಯ ವಿಚಾರ ಇದಕ್ಕಿಂತ ಗಂಭೀರ. ‘ಅಣ್ಣ’ ಎಂಬುದು ಈ ಸೀಮೆಯಲ್ಲಿ ರಕ್ತಸಂಬಂಧವನ್ನು ಮೀರಿದ ಪದ. ಊರಿನ ಹಿರಿಯ, ಅಂಗಡಿಯವ, ರಾಜಕೀಯ ಮುಖಂಡ ಎಲ್ಲರೂ ಅಣ್ಣಂದಿರೇ. ಆದರೆ ಊರೊಳಗಿನ ‘ಅಣ್ಣ’ನಿಗೆ ಒಂದು ಕಟ್ಟುಪಾಡಿದೆ. ಆತ ಕೊಟ್ಟ ಸಲಹೆಯಿಂದ ಮನೆ ಕೆಟ್ಟರೆ ಮಾರನೆಯ ದಿನ ಅರಳಿಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಮುಖಗಳನ್ನು ಎದುರಿಸಬೇಕು. ಮೊಬೈಲಿನ ಆಚೆಯಿರುವ ಸಲಹೆಗಾರನು ಗ್ರಾಹಕನನ್ನು ‘ಅಣ್ಣ’ ಎಂದು ಕರೆದು, ತಾನು ‘ಗುರು’ ಎನಿಸಿಕೊಂಡು, ಸಂಬಂಧದ ಪದವನ್ನು ಮಾತ್ರ ಎತ್ತಿಕೊಳ್ಳುತ್ತಾನೆ. ಅದರ ಹೊಣೆಯನ್ನು ಅಲ್ಲ. ಆತನಿಗೆ ಊರಿಲ್ಲ. ಸಂಖ್ಯೆ ಬದಲಿಸಿದರೆ ಹೆಸರೂ ಇಲ್ಲ.

ಭವಿಷ್ಯ ನುಡಿಯುವ ಪರಂಪರೆ ಈ ನೆಲಕ್ಕೆ ಅಪರಿಚಿತವಲ್ಲ ಎಂಬ ಕಾರಣದಿಂದ ಇದನ್ನು ಕಣಿ, ಕಾಲಜ್ಞಾನಗಳ ಮುಂದುವರಿಕೆಯೆಂದು ಓದುವ ಆಸೆ ಸಹಜ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದು. ಆ ಪರಂಪರೆಯೊಂದಿಗೆ ಕಾಲಜ್ಞಾನವೂ ತಳುಕು ಹಾಕಿಕೊಂಡಿದೆ. ಬುಡಬುಡಿಕೆಯವನ ಹಾಲಕ್ಕಿ ನುಡಿಯೂ ಪರಿಚಿತವೇ. ಆದರೆ ಈ ಹೋಲಿಕೆ ದೂರ ಹೋಗುವುದಿಲ್ಲ. ಕಾಲಜ್ಞಾನ ಲೋಕದ ಸ್ಥಿತಿಯನ್ನು ಕುರಿತದ್ದು, ಇಂದು ಸಂಜೆ ಏಳೂವರೆಯ ಪಂದ್ಯವನ್ನಲ್ಲ. ಬುಡಬುಡಿಕೆಯವನು ಬೇಡುವುದು ಒಂದು ಮೊರ ಧಾನ್ಯ, ಹಳೆಯ ಬಟ್ಟೆ. ನಿಜವಾದ ಹೋಲಿಕೆ ಸಿಗುವುದು ಕುದುರೆ ಪಂದ್ಯದ ಲೋಕದಲ್ಲಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಮೈದಾನಗಳಲ್ಲಿ ಅಬಿಸೀನಿಯದ ರಾಜಕುಮಾರನೆಂದು ಹೇಳಿಕೊಂಡು, ಬಣ್ಣದ ಗರಿ ತೊಟ್ಟು, ಮುಚ್ಚಿದ ಲಕೋಟೆಯಲ್ಲಿ ಕುದುರೆಯ ಹೆಸರು ಮಾರುತ್ತಿದ್ದ ಮೊನೊಲುಲು ಎಂಬಾತನಿದ್ದ. ಆತ ರಾಜಕುಮಾರನಾಗಿರಲಿಲ್ಲ. ಆದರೂ ಆತ ಅದೇ ಮೈದಾನಕ್ಕೆ ಮತ್ತೆ ಮತ್ತೆ ಬರುತ್ತಿದ್ದ. ಮೋಸ ಹೋದವನು ಆತನನ್ನು ಹುಡುಕಬಹುದಿತ್ತು.

ಚುನಾವಣೆಯ ಬಾಜಿ: ಒಂದು ಹೋಲಿಕೆ

2019ರ ಮಂಡ್ಯ ಲೋಕಸಭಾ ಚುನಾವಣೆಯು ಊರೊಳಗಿನ ಸಲಹೆ ಹೇಗೆ ನಡೆಯುತ್ತದೆಂಬುದಕ್ಕೆ ಒಳ್ಳೆಯ ನಿದರ್ಶನ. ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಮತ್ತು ಜಾತ್ಯತೀತ ಜನತಾದಳದ ನಿಖಿಲ್ ಕುಮಾರಸ್ವಾಮಿ ಅವರ ನಡುವಿನ ಆ ಸ್ಪರ್ಧೆಯಲ್ಲಿ ಏಪ್ರಿಲ್ 18ರಂದು ಮತದಾನ ನಡೆದು, ಎಣಿಕೆಗೆ ಮೇ 23ರವರೆಗೆ ಕಾಯಬೇಕಾಯಿತು. ಈ ಐದು ವಾರಗಳಲ್ಲಿ ಜಿಲ್ಲೆಯಲ್ಲಿ ಬಾಜಿ ಜೋರಾಗಿ ನಡೆದುದನ್ನು ಪತ್ರಿಕೆಗಳು ವರದಿ ಮಾಡಿದವು. ಆಗಲೂ ಸಲಹೆಗಳಿದ್ದವು. ಯಾವ ಹೋಬಳಿ ಯಾರ ಕಡೆ, ಯಾವ ಬೂತಿನಲ್ಲಿ ಎಷ್ಟು ಎಂಬ ಲೆಕ್ಕಗಳೇ ಆ ಸಲಹೆ. ಅದಕ್ಕೂ ಒಂದು ವರ್ಷದ ಹಿಂದೆ, 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳೂ ಸ್ಥಾನಗಳು ಜನತಾದಳಕ್ಕೆ ಬಂದಿದ್ದುದರಿಂದ, ಆ ಲೆಕ್ಕವನ್ನೇ ನೆಚ್ಚಿದವರಿಗೆ ಆಧಾರವಿಲ್ಲದಿರಲಿಲ್ಲ. ಸುಮಲತಾ ಅವರು 1,25,876 ಮತಗಳ ಅಂತರದಿಂದ ಗೆದ್ದರು.

ಇಲ್ಲಿ ಸೋತ ಸಲಹೆಗಾರನು ಅಳಿಸಿಹಾಕಲಾಗದ ಸಾಕ್ಷಿಗಳ ನಡುವೆ ಇರುತ್ತಾನೆ. ಬಾಜಿ ಇಬ್ಬರು ಪರಿಚಿತರ ನಡುವಿನದು. ಹಣ ಮೂರನೆಯ ಪರಿಚಿತನ ಕೈಯಲ್ಲಿ ಇಡುವ ರೂಢಿ. ಬೂತಿನ ಲೆಕ್ಕ ತಪ್ಪಿದವನ ಮಾತಿಗೆ ಮುಂದಿನ ಚುನಾವಣೆಯಲ್ಲಿ ಬೆಲೆ ಇಳಿಯುತ್ತದೆ. ಇದರಿಂದ ಬಾಜಿ ನಿರಪಾಯವಾಗುವುದಿಲ್ಲ. ಅದರಿಂದಲೂ ಮನೆಗಳು ಕೆಡುತ್ತವೆ. ಆದರೆ ತಪ್ಪಿದ್ದು ತಪ್ಪಿತೆಂದು ಎಲ್ಲರಿಗೂ ತಿಳಿಯುತ್ತದೆ. ಮೊಬೈಲಿನ ಸಲಹೆಗಾರನು ಊರಿನ ನುಡಿಯನ್ನು ಉಳಿಸಿಕೊಂಡು ಈ ನೆನಪನ್ನು ತೆಗೆದುಹಾಕಿದ್ದಾನೆ. ಆತನ ಯಶಸ್ಸಿನ ಗುಟ್ಟು ಇಷ್ಟೇ ಎಂದರೂ ತಪ್ಪಾಗದು.

ಕಾನೂನು ಮತ್ತು ಮೌನ

1872ರ ಭಾರತೀಯ ಕರಾರು ಕಾಯಿದೆಯ 30ನೆಯ ಪ್ರಕರಣದಂತೆ ಬಾಜಿಯ ಒಪ್ಪಂದ ಅಸಿಂಧು. ಗೆದ್ದ ಹಣಕ್ಕೆ ದಾವೆ ಹೂಡಲಾಗದು. 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜನ್ನು ದಂಡನಾರ್ಹವಾಗಿಸಿದೆ. ಆನ್‌ಲೈನ್ ಬಾಜಿಯನ್ನೂ ಸೇರಿಸಿ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯಾಂಶಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷಗಳವರೆಗಿನ ಸೆರೆ, ಒಂದು ಕೋಟಿ ರೂಪಾಯಿವರೆಗಿನ ದಂಡವನ್ನೂ, ಅವುಗಳ ಪ್ರಚಾರ ಮಾಡುವವರಿಗೆ ಎರಡು ವರ್ಷಗಳವರೆಗಿನ ಸೆರೆ, ಐವತ್ತು ಲಕ್ಷದವರೆಗಿನ ದಂಡವನ್ನೂ ಗೊತ್ತುಪಡಿಸಿತು. ಆಡಿದವನನ್ನು ಅದು ಶಿಕ್ಷೆಗೆ ಗುರಿಪಡಿಸಲಿಲ್ಲ. ಸಲಹೆಯ ನೆಪದಲ್ಲಿ ಬಾಜಿಯ ಆ್ಯಪಿಗೆ ಜನರನ್ನು ಕಳುಹಿಸುವವನು ಪ್ರಚಾರಕನ ಸಾಲಿಗೆ ಬರುವನೆಂದು ವಾದಿಸಲು ಇಲ್ಲಿ ಆಸ್ಪದವಿದೆ.

ಕಾನೂನಿನ ಬದಲಾವಣೆ ಹೀಗಿದ್ದರೂ, ಸೋತವನ ಮೌನ ಮುರಿಯುವುದು ಸುಲಭವಲ್ಲ. ಷೇರು ಪೇಟೆಯಲ್ಲಿ ಸಲಹೆ ನೀಡುವವನು 2013ರ ನಿಯಮಗಳಂತೆ ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆತನ ವಿರುದ್ಧ ದೂರು ನೀಡಲು ಒಂದು ಬಾಗಿಲಿದೆ. ಬಾಜಿಯ ಸಲಹೆಗಾರನ ವಿರುದ್ಧ ದೂರು ನೀಡಲು ಹೋದವನು ತಾನು ಬಾಜಿ ಕಟ್ಟಿದ್ದನ್ನು ಮೊದಲು ಹೇಳಿಕೊಳ್ಳಬೇಕು. ಹೆಂಡತಿಗೆ ತಿಳಿಯದೆ ಅಡವಿಟ್ಟ ಒಡವೆ, ಬೆಳೆಸಾಲದಿಂದ ತೆಗೆದ ಹಣ ಅದರೊಂದಿಗೆ ಹೊರಬರುತ್ತದೆ. ಈ ಅಂಜಿಕೆಯನ್ನು ಬಲ್ಲ ಸಲಹೆಗಾರರು ‘ಲಾಸ್ ರಿಕವರಿ’ ಎಂಬ ಹೆಸರಿನಲ್ಲಿ, ಹೋದ ಹಣವನ್ನು ಮರಳಿ ತರುವ ವಿಶೇಷ ಸಲಹೆಯನ್ನು ಇನ್ನೂ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಹೊಸ ಗ್ರಾಹಕನಿಗಿಂತ ಸೋತ ಗ್ರಾಹಕನೇ ಈ ಕಸುಬಿಗೆ ಹೆಚ್ಚು ಬೆಲೆಬಾಳುವವನು.

ಈ ಸೀಮೆಯ ಕಬ್ಬು ಬೆಳೆಗಾರನು ಸುಲಭವಾಗಿ ನಂಬುವ ಮನುಷ್ಯನಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಕಾರ್ಖಾನೆಯ ತೂಕದ ಸೇತುವೆಯ ಮೇಲಿನ ಅನುಮಾನ ಕರ್ನಾಟಕದ ಕಬ್ಬು ಬೆಳೆಗಾರರ ಹೋರಾಟಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ವಿಷಯ. ಹೊರಗಿನ ತೂಕದಲ್ಲಿ ಗಾಡಿಯನ್ನು ನಿಲ್ಲಿಸಿ ನೋಡುವವರು, ತೂಕದ ಚೀಟಿಗಳನ್ನು ವರ್ಷಗಟ್ಟಲೆ ಜೋಪಾನ ಮಾಡುವವರು ಇದ್ದಾರೆ. ಕಾರ್ಖಾನೆಯ ಲೆಕ್ಕಕ್ಕೆ ಚೀಟಿಯಿದೆ, ದಿನಾಂಕವಿದೆ, ಅನುಮಾನಪಡುವ ಹತ್ತು ಮಂದಿ ಜೊತೆಗಿದ್ದಾರೆ. ಸಲಹೆಗಾರನ ಮಾತಿಗೆ ಚೀಟಿಯಿಲ್ಲ. ಅದನ್ನು ಕೇಳಿದವನು ಒಬ್ಬನೇ. ದಿನಾಂಕ, ಸಲಹೆ, ದರ, ಕಟ್ಟಿದ ಹಣ, ಕೊಟ್ಟ ಶುಲ್ಕ, ಫಲ ಎಂಬ ಆರು ಅಂಕಣಗಳ ಪುಸ್ತಕವೊಂದನ್ನು ಒಂದು ಋತುವಿನ ಕಾಲ ಬರೆದಿಟ್ಟರೂ ಸಲಹೆಗಾರನ ಜಾಣ್ಮೆ ಸಾಬೀತಾಗದು, ಆದರೆ ಹೋದ ಹಣದ ಮೊತ್ತ ತಿಳಿಯುತ್ತದೆ. ಅಂತಹ ಪುಸ್ತಕ ಮನೆಯಲ್ಲಿದ್ದರೆ ಅದನ್ನು ಮನೆಯವರೂ ಓದಬಹುದು. ಅದು ಬರೆಯದೆಯೇ ಉಳಿಯುವುದಕ್ಕೆ ಬಹುಶಃ ಇದೇ ಕಾರಣ.